ಹೊಟ್ಟೆ ಬೆಲ್ಟ್: ಕೆಮ್ಮಿಗೆ ಆಸರೆ, ಹರ್ನಿಯಾಗೆ ಗ್ಯಾರಂಟಿ ಅಲ್ಲ

ಐದಕ್ಕೆ ಮೂರು ಸ್ಟಾರ್. ಬೆಲ್ಟ್ ಚೆನ್ನಾಗೇ ಇದೆ, ಅದನ್ನ ಮಾರೋವಾಗ ಹೇಳಿದ ಮಾತಿಗೆ ಎರಡು ಸ್ಟಾರ್ ಹಿಡಿದಿದ್ದೀನಿ.

ನಾನು ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆ ಮಂಡಿ ನಡೆಸೋನು. ತೂಕ 104 ಕೆ.ಜಿ., ಜೊತೆಗೆ ಶುಗರ್. ಪಿತ್ತಕೋಶದಲ್ಲಿ ಕಲ್ಲಾಗಿ ಲ್ಯಾಪ್ರೋಸ್ಕೋಪಿ ಆಪರೇಷನ್ ಆಯ್ತು, ಅಂದ್ರೆ ಹೊಟ್ಟೆಗೆ ಸಣ್ಣ ತೂತು ಹಾಕಿ ಕ್ಯಾಮೆರಾ ಬಿಟ್ಟು ಮಾಡೋದು. ಡಿಸ್ಚಾರ್ಜ್ ಹೊತ್ತಿಗೆ ನಮ್ಮ ಭಾಮೈದ ಸರ್ಜಿಕಲ್ ಅಂಗಡಿಯಿಂದ 650 ರೂಪಾಯಿ ಕೊಟ್ಟು ಇದನ್ನ ತಂದ. "ಇದು ಕಟ್ಕೊಂಡ್ರೆ ಹರ್ನಿಯಾ ಮಾತೇ ಇಲ್ಲ ಸಾರ್" ಅಂದಿದ್ರಂತೆ ಅಂಗಡಿಯವರು. ಹರ್ನಿಯಾ ಅಂದ್ರೆ ಇಲ್ಲಿ ಆಪರೇಷನ್ ತೂತಿನ ಜಾಗದಲ್ಲಿ ಒಳಗಿನ ಕೊಬ್ಬೋ ಕರುಳೋ ಹೊರಗೆ ನುಗ್ಗೋದು.

ಮೊದಲು ಅಳತೆ ವಿಷಯ. ಪ್ಯಾಂಟ್ ಸೈಜ್ 40 ಅಂದಿದ್ದಕ್ಕೆ ಎಲ್ ಕೊಟ್ಟು ಕಳಿಸಿದ್ರು. ನಮ್ಮಂಥ ದಪ್ಪ ಜನ ಪ್ಯಾಂಟ್ ಕಟ್ಟೋದೇ ಹೊಟ್ಟೆ ಕೆಳಗೆ! ಹೊಕ್ಕುಳ ಮೇಲೆ ಟೇಪ್ ಇಟ್ಟರೆ 48 ಇಂಚು. ವಾಪಸ್ ಕೊಟ್ಟು ಡಬಲ್ ಎಕ್ಸೆಲ್ ತರಿಸಿದ್ವಿ, ತಕರಾರಿಲ್ಲದೆ ಬದಲಾಯಿಸಿದ್ರು.

ಕಟ್ಟಿಕೊಂಡ ಮೇಲೆ ನಿಜಕ್ಕೂ ಹಾಯಾಗಿತ್ತು. ಮಂಚದಿಂದ ಏಳೋವಾಗ, ಕೆಮ್ಮೋವಾಗ ನೋವು ಅರ್ಧ ಇಳೀತು, ಓಡಾಡೋಕೆ ಧೈರ್ಯ ಬಂತು. ಆದರೆ ಕೂತರೆ ಮೇಲಂಚು ಸುರುಳಿ ಸುತ್ತಿಕೊಂಡು ಎದೆ ಕೆಳಗಿನ ಗಾಯಕ್ಕೇ ಒತ್ತುತ್ತೆ. ಮುದ್ದೆ ಊಟಕ್ಕೆ ಕೂರೋ ಮುಂಚೆ ಬಿಚ್ಚಲೇಬೇಕು. ಒಳಗೆ ತೆಳು ಬನೀನು ಇಲ್ಲದಿದ್ದರೆ ಬೆವರಿಗೆ ಚರ್ಮ ಕೆಂಪಾಗುತ್ತೆ. ವೆಲ್ಕ್ರೋ ಮಾತ್ರ ಗಟ್ಟಿ.

ಈಗ ಹರ್ನಿಯಾ ಮಾತು. ಚೆಕಪ್‌ಗೆ ಹೋದಾಗ ಸರ್ಜನ್ ಹತ್ರ ಕೇಳಿದೆ. ನಕ್ಕುಬಿಟ್ಟು, "ನೋವಿಗೆ ಕಟ್ಕೊಳ್ಳಿ ಗೌಡ್ರೇ, ಹರ್ನಿಯಾ ತಡೆಯೋದು ಒಳಗಿನ ಹೊಲಿಗೆ" ಅಂದ್ರು. ನನಗೆ ಹಾಕಿದ್ದು ನಾಲ್ಕು ತೂತು: 10 ಮಿ.ಮೀ.ದು ಎರಡು, 5 ಮಿ.ಮೀ.ದು ಎರಡು. ಸಣ್ಣವಕ್ಕೆ ಸಾಮಾನ್ಯವಾಗಿ ಚರ್ಮದ ಹೊಲಿಗೆ ಸಾಕು. ದೊಡ್ಡವಕ್ಕೆ ಚರ್ಮದ ಕೆಳಗೆ, ಕೊಬ್ಬಿನ ಕೆಳಗೆ ಇರೋ ಗಟ್ಟಿ ಪದರವನ್ನೇ ಹಿಡಿದು ಹೊಲಿಯಬೇಕು. ಅದರಲ್ಲೂ ಹೊಕ್ಕುಳ ತೂತು ಹುಷಾರು. ಕಲ್ಲು ತುಂಬಿದ ಪಿತ್ತಕೋಶವನ್ನ ಅಲ್ಲಿಂದ ಎಳೆಯೋಕೆ ಎಷ್ಟೋ ಸಲ ತೂತನ್ನ ಇನ್ನಷ್ಟು ಅಗಲ ಮಾಡ್ತಾರೆ.

ದಪ್ಪ ಹೊಟ್ಟೆಯಲ್ಲಿ ಆ ಪದರ ಕೊಬ್ಬಿನ ಆಳದಲ್ಲಿ ಕಾಣೋದೇ ಕಷ್ಟ. ಮೇಲಿಂದ ಹೊಲಿದರೆ ಬರೀ ಕೊಬ್ಬು ಸಿಕ್ಕಿ, ಪದರ ತೆರೆದೇ ಉಳಿಯಬಹುದು. ಅದಕ್ಕೇ ಒಳಗೆ ಕ್ಯಾಮೆರಾ ಇರುವಾಗಲೇ, ನಮ್ಮ ಮೂಟೆ ಹೊಲಿಯೋ ದಬ್ಬಣದಂಥ ಉದ್ದ ಸೂಜಿಯಲ್ಲಿ ದಾರ ಇಳಿಸಿ, ಟೀವಿಯಲ್ಲಿ ನೋಡ್ಕೊಂಡು ಗಂಟು ಹಾಕ್ತಾರಂತೆ. ಆಪರೇಷನ್ ಮಾಡೋಕೆ ಅಂತ ಹೊಟ್ಟೆಗೆ ತುಂಬಿದ ಗ್ಯಾಸನ್ನೂ ನಿಧಾನವಾಗಿ ಪೂರ್ತಿ ಬಿಡಬೇಕು, ಇಲ್ಲದಿದ್ದರೆ ತೂತಿನಲ್ಲಿ ಇಟ್ಟ ಕೊಳವೆ ಕೀಳೋವಾಗ ಒಳಗಿನ ಕೊಬ್ಬೋ ಕರುಳೋ ತೂತಿಗೆ ನುಗ್ಗಬಹುದು. ಆಪರೇಷನ್‌ಗೆ ಮುಂಚೆ ಕೇಳಬೇಕಾದ ಪ್ರಶ್ನೆ ಇದು: "ದೊಡ್ಡ ತೂತಿಗೆ ಒಳಪದರ ಹೊಲೀತೀರಾ ಡಾಕ್ಟ್ರೇ?" ಕೇಳಿದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ನಮ್ಮ ಪಾಲಿನ ಕೆಲಸ ಬೇರೆ ಇದೆ. ಗಾಯ ಕೀವಾದರೆ ಹೊಲಿಗೆ ಸಡಿಲ, ಹಾಗಾಗಿ ಶುಗರ್ ಹಿಡಿತದಲ್ಲಿರಬೇಕು. ಬೀಡಿ ಸಿಗರೇಟು ಬಂದ್. ಕೆಮ್ಮು, ಮಲಬದ್ಧತೆ ಇದ್ದರೆ ಹೊಟ್ಟೆ ಒಳಗಿನ ಒತ್ತಡ ಏರುತ್ತೆ, ಮದ್ದು ತಗೊಳ್ಳಿ. ನನಗಂತೂ ಒಂದೂವರೆ ತಿಂಗಳು ಮೂಟೆ ಮುಟ್ಟಬೇಡಿ ಅಂದಿದ್ರು. ಮಂಡಿಯಲ್ಲಿ ಹಮಾಲರು ಹೊರೋದನ್ನ ಕೈಕಟ್ಟಿ ನೋಡ್ತಾ ಕೂರೋದಿದೆಯಲ್ಲ, ಅದು ಆಪರೇಷನ್‌ಗಿಂತ ಕಷ್ಟ.

ಒಂದು ಎಚ್ಚರಿಕೆ. ತೂತಿನ ಹತ್ರ ಗಡ್ಡೆ ಥರ ಉಬ್ಬಿದರೆ, ಅಥವಾ ಉಬ್ಬು ಕಾಣದಿದ್ದರೂ ವಾಂತಿ, ಹೊಟ್ಟೆಯುಬ್ಬರ ಶುರುವಾಗಿ ಗ್ಯಾಸ್ ಹೋಗದೇ ಇದ್ದರೆ ಬೆಲ್ಟ್ ಬಿಗಿ ಮಾಡ್ತಾ ಕೂರಬೇಡಿ. ಕರುಳು ಸಿಕ್ಕಿಹಾಕ್ಕೊಂಡಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.

ತಗೊಳ್ಳೋರು ಇದ್ದರೆ ಎರಡು ತಗೊಳ್ಳಿ. ಮಳೆಗಾಲದಲ್ಲಿ ಒಗೆದಿದ್ದು ಒಣಗೋಕೆ ಎರಡು ದಿನ ಬೇಕು.