ಶಾಲೆಯ ಊಟದ ಸೇವೆ: ಒಬ್ಬ ಪೋಷಕಿಯ ವಿಮರ್ಶೆ

ನನ್ನ ಮಗಳ ಶಾಲೆಗೆ ಊಟ ಒದಗಿಸುವ ಸಂಸ್ಥೆಯ ಕೆಲಸವನ್ನು ಒಂದು ವರ್ಷದಿಂದ ಗಮನಿಸುತ್ತಿದ್ದೇನೆ. ಸಸ್ಯಮೂಲದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುವುದರಿಂದ, ಬೇಳೆಕಾಳಿನ ಜೊತೆಗೆ ಅವರು ಕಿತ್ತಳೆಯನ್ನೋ ಟೊಮೆಟೊವನ್ನೋ ತಪ್ಪದೆ ಇಡುವುದು ಜಾಣತನವೇ ಸರಿ. ಹೊಸ ತರಕಾರಿಯೊಂದು ನಾಲಿಗೆಗೆ ಒಗ್ಗಲು ಮಗು ಅದನ್ನು ಎಂಟು, ಹತ್ತು ಬಾರಿಯಾದರೂ ರುಚಿ ನೋಡಬೇಕಾಗಬಹುದು ಎಂಬುದನ್ನು ಅರಿತವರಂತೆ, ಮಕ್ಕಳು ತಟ್ಟೆಯಂಚಿಗೆ ತಳ್ಳಿದ ಬೀಟ್‌ರೂಟನ್ನು ಕಂಡು ಗದರದೆ, ಮರುವಾರ ಮತ್ತೆ ಎರಡೇ ಹೋಳು ಬಡಿಸುತ್ತಾರೆ. ಶಿಕ್ಷಕರೂ ಮಕ್ಕಳೊಡನೆ ಕುಳಿತು ಅದನ್ನೇ ಉಣ್ಣುವುದು ನನಗೆ ಎಲ್ಲಕ್ಕಿಂತ ಹಿಡಿಸಿತು. ಆದರೆ ಹಣ್ಣಿನ ರಸಕ್ಕೆ ಸಕ್ಕರೆ ಸುರಿಯುವುದೇಕೋ ತಿಳಿಯದು. ಊಟಕ್ಕೆ ಕೊಡುವ 20 ನಿಮಿಷವೂ ಸಾಲದು. ಕೊನೆಯಲ್ಲಿ ಬಡಿಸಿಕೊಂಡ ಮಗು ಅರ್ಧ ತಿಂದ ಹಣ್ಣನ್ನು ಹಿಡಿದೇ ತರಗತಿಗೆ ಓಡುತ್ತದೆ.