ಎಡಕುಮೇರಿಯನ್ನು ಆರಡಿ ಹಲಗೆ ಮೇಲೆ ಇಳಿಸಿದ ಕಾಟೊ ಹಳಿ

ನಮ್ಮಪ್ಪ ಸಕಲೇಶಪುರ ಘಾಟಿಯಲ್ಲಿ ಕೀಮನ್ ಆಗಿದ್ದವರು. ಮೀಟರ್ ಗೇಜ್ ಕಾಲದಲ್ಲಿ ದಿನಾ ಹಳಿ ಮೇಲೆ ನಡೆದು, ಹಳಿಯನ್ನು ಬಿಗಿಯಾಗಿ ಹಿಡಿದಿಡುವ ಕೀಗಳು ಸಡಿಲವಾಗಿದ್ದರೆ ಸುತ್ತಿಗೆಯಿಂದ ಬಡಿದು ಕೂರಿಸುವ ಕೆಲಸ. ಈಗ ಮಂಡಿ ನೋವು, ಜಾಸ್ತಿ ಹೊರಗೆ ಹೋಗುವುದಿಲ್ಲ. ಅವರಿಗಾಗಿ ಹಾಸನದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದು ಪುಟ್ಟ ರೈಲು ದಾರಿ ಕಟ್ಟಬೇಕು ಅನ್ನಿಸಿತು. ಹಳಿಗೆ ಜಪಾನಿನ ಕಾಟೊ ಕಂಪನಿಯ ಯೂನಿಟ್ರ್ಯಾಕ್ ತರಿಸಿದೆ. ಎನ್ ಸ್ಕೇಲ್, ಅಂದರೆ 1:160, ನಿಜದ ರೈಲಿನ 160ನೇ ಒಂದು ಪಾಲು. ಎಂಟು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಸುಮಾರು 55 ಕಿ.ಮೀ., 57 ಸುರಂಗ. 160ರಿಂದ ಭಾಗಿಸಿದರೂ 344 ಮೀಟರ್ ಆಗುತ್ತದೆ. ನಮ್ಮ ಕೋಣೆ ಇರುವುದು 11 ಅಡಿ. ಹಾಗಾಗಿ ಎಲ್ಲವನ್ನೂ ತುರುಕುವ ಆಸೆ ಬಿಟ್ಟು, ಅಪ್ಪ ಹೇಳಿದಂತೆ ಈ ದಾರಿಯ ನಡುವಿನ ಎಡಕುಮೇರಿ ಸ್ಟೇಷನ್ ಒಂದನ್ನೇ ಹಿಡಿದೆವು. ಮೈನ್ ಲೈನ್, ಅದರಿಂದ ಕವಲೊಡೆದು ಮತ್ತೆ ಅದಕ್ಕೇ ಸೇರುವ ಒಂದು ಲೂಪ್ ಲೈನ್, ಒಂದು ಸೇತುವೆ, ಒಂದು ಸುರಂಗದ ಬಾಯಿ. ಹಲಗೆ ಆರಡಿಗೆ ಮೂರಡಿ.

ಈ ಹಳಿ ನನಗೆ ಹಿಡಿಸಿದ್ದು ಅದರ ಅಳತೆಯಿಂದ. ನೇರ ತುಂಡು 248 ಮಿ.ಮೀ. ಹಳಿ ಕವಲೊಡೆಯುವ ತುಂಡು, ಅಂದರೆ 6ನೇ ನಂಬರ್ ಪಾಯಿಂಟ್, 186. ವೈರ್ ಜೋಡಿಸುವ ಚಿಕ್ಕ ತುಂಡು 62. ಎಲ್ಲಾ 62ರ ಮಗ್ಗಿ! ಒಂದು ನೇರ ತುಂಡು ತೆಗೆದು ಅಲ್ಲಿ ಪಾಯಿಂಟ್ ಇಟ್ಟು, ಪಕ್ಕದಲ್ಲಿ 62ರದ್ದು ಸೇರಿಸಿದರೆ ಉದ್ದ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಸುತ್ತು ಮುರಿಯದೆ ಸ್ಟೇಷನ್ನನ್ನು ಅತ್ತಿತ್ತ ಸರಿಸಬಹುದು. ನಾನು ಕಂಪ್ಯೂಟರಿನಲ್ಲಿ ಎನಿರೈಲ್ ಸಾಫ್ಟ್‌ವೇರಿನಲ್ಲೂ ಬರೆದು ನೋಡಿದ್ದೆ. ಅದರಲ್ಲಿ 50 ತುಂಡಿನವರೆಗೆ ಪುಕ್ಕಟೆ, ನಮ್ಮ ಕೆಲಸಕ್ಕೆ ಸಾಕಾಯಿತು. ಆದರೆ ಪ್ಲಾನ್ ನಿಜವಾಗಿ ಕೂತಿದ್ದು ನೆಲದ ಮೇಲೆ, ಚಾಕ್‌ಪೀಸಿನಲ್ಲಿ ಹಲಗೆಯ ಗಾತ್ರ ಬರೆದು, ತುಂಡು ಜೋಡಿಸಿ, ರೈಲು ಓಡಿಸಿ, ಮತ್ತೆ ಬಿಚ್ಚಿದಾಗ. ಜಲ್ಲಿಯ ದಿಬ್ಬ ಹಳಿಗೇ ಅಂಟಿಕೊಂಡು ಬರುವುದರಿಂದ ಮೊಳೆ, ಗೋಂದು ಏನೂ ಬೇಡ. ಆರು ಸಲ ಬಿಚ್ಚಿ ಕಟ್ಟಿದ್ದೇವೆ.

ತಿರುವಿಗೆ 348 ಮಿ.ಮೀ. ರೇಡಿಯಸ್ ತೆಗೆದುಕೊಂಡೆ. 45 ಡಿಗ್ರಿಯ ತುಂಡು ಎಂಟಾದರೆ ಪೂರ್ತಿ ವೃತ್ತ. ಅಗಲಕ್ಕೆ ಸುಮಾರು 72 ಸೆಂ.ಮೀ. ಸಾಕು, ಮೂರಡಿಯಲ್ಲಿ ಗುಡ್ಡಕ್ಕೂ ಜಾಗ ಉಳಿಯಿತು. ಎರಡು ಕಡೆಯೂ ನಾಲ್ಕು ನಾಲ್ಕು ನೇರ ತುಂಡು. ಪ್ಯಾಕೆಟ್ಟಿಗೆ ನಾಲ್ಕು ಬರುವುದರಿಂದ ತಿರುವು ಎರಡು, ನೇರ ಎರಡು ಪ್ಯಾಕೆಟ್ ತಂದರೆ ಸುತ್ತು ಮುಗಿಯಿತು.

ಏರು ಮಾತ್ರ ತುಂಬಾ ಕಾಡಿತು. ನಮ್ಮ ಘಾಟಿಯ ಏರು 50ಕ್ಕೆ 1, ಅಂದರೆ 50 ಮೀಟರ್ ಹೋದರೆ ಒಂದು ಮೀಟರ್ ಎತ್ತರ. ಸೇತುವೆಯ ಕೆಳಗೆ ಇನ್ನೊಂದು ರೈಲು ಹೋಗುವಷ್ಟು ಎತ್ತರ ಬೇಕಾದರೆ ಹಳಿ 5 ಸೆಂ.ಮೀ. ಏರಬೇಕು. ಅಂದರೆ ಏರಲು ಎರಡೂವರೆ ಮೀಟರ್, ಇಳಿಯಲು ಎರಡೂವರೆ ಮೀಟರ್. ನಮ್ಮ ಇಡೀ ಸುತ್ತೇ 4.17 ಮೀಟರ್! ನಾಲ್ಕು ದಿನ ಲೆಕ್ಕ ಹಾಕಿ ಸೋತು ಕೂತಿದ್ದಾಗ ಅಪ್ಪ ಕೇಳಿದರು, "ಹಳಿ ಯಾಕೆ ಏರಿಸ್ತೀಯ? ಕೆಳಗೆ ಕಣಿವೆ ತೋಡು. ಸೇತುವೆ ಮೇಲೆ ನಿಂತರೆ ಕಾಣೋದು ಏರಲ್ಲ, ಆಳ." ಹಳಿಯನ್ನು ಮಟ್ಟವಾಗಿಯೇ ಬಿಟ್ಟು, ಹಲಗೆಯ ಮೇಲೆ ಎರಡು ಪದರ ದಪ್ಪ ಥರ್ಮೋಕೋಲ್ ಹಾಸಿ, ಸೇತುವೆ ಬರುವ ಕಡೆ ಅದನ್ನು ಕೊರೆದೆ. ಈಗ ರೈಲು ಸೇತುವೆ ದಾಟುವಾಗ ಎದೆ ಝಲ್ ಅನ್ನುತ್ತದೆ.

ಒಂದು ವಿಷಯ ಜೋಪಾನ. ತಿರುವಿನಲ್ಲಿ ಒಂದೇ ಜಾಗದಲ್ಲಿ ಎಂಜಿನ್ ಪದೇ ಪದೇ ಹಳಿ ತಪ್ಪುತ್ತಿತ್ತು. ಟಾರ್ಚ್ ಹಾಕಿ ನೋಡಿದರೂ ನನಗೆ ಏನೂ ಕಾಣಲಿಲ್ಲ. ಅಪ್ಪ ಕಣ್ಣು ಮುಚ್ಚಿ ತೋರುಬೆರಳನ್ನು ಹಳಿಯ ತಲೆ ಮೇಲೆ ನಿಧಾನ ಎಳೆದುಕೊಂಡು ಬಂದರು. ಮೂರನೇ ಜಾಯಿಂಟಿನಲ್ಲಿ ಬೆರಳು ನಿಂತಿತು. "ಇಲ್ಲಿ ಮುಟ್ಟು ಮಗಾ, ತಡೀತಿದೆ." ಒಂದು ಹಳಿ, ಎರಡು ತುಂಡುಗಳನ್ನು ಸೇರಿಸುವ ಜಾಯಿನರ್ ಒಳಗೆ ಹೋಗದೆ ಅದರ ಮೇಲೆ ಹತ್ತಿ ಕೂತಿತ್ತು, ಒಂದು ಕಾಗದದ ದಪ್ಪದಷ್ಟು. ಅವಸರದಲ್ಲಿ ಓರೆಯಾಗಿ ಒತ್ತಿದವಳು ನಾನೇ. ಎರಡೂ ತುಂಡುಗಳನ್ನು ಸಮತಟ್ಟು ಜಾಗದಲ್ಲಿಟ್ಟು ನೇರವಾಗಿ ಒತ್ತಬೇಕು. ಈಗ ಕರೆಂಟ್ ಕೊಡುವ ಮುಂಚೆ ಅಪ್ಪ ಪ್ರತಿ ಜಾಯಿಂಟನ್ನೂ ಬೆರಳಿನಿಂದ ನೋಡುತ್ತಾರೆ. ಅದಾದ ಮೇಲೆ ಒಂದು ಸಲವೂ ಹಳಿ ತಪ್ಪಿಲ್ಲ.

ಕೊಳ್ಳುವವರಿಗೆ ಇನ್ನೂ ಕೆಲವು ಮಾತು. ಎರಡು ಹಳಿಗಳ ನಡುವಿನ ಅಂತರ 9 ಮಿ.ಮೀ. ನಮ್ಮ ಬ್ರಾಡ್ ಗೇಜಿಗೆ ಲೆಕ್ಕ ಹಾಕಿದರೆ ಹತ್ತೂವರೆ ಇರಬೇಕಿತ್ತು, ಆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಜಲ್ಲಿ ತಿಳಿ ಬೂದು ಬಣ್ಣದ್ದು. ಕಂದು ಅಕ್ರಿಲಿಕ್ ಬಣ್ಣವನ್ನು ನೀರಾಗಿ ಕಲಸಿ ಬಳಿದ ಮೇಲೆ ಮಳೆಗಾಲದ ಘಾಟಿಯ ಮಣ್ಣಿನಂತೆ ಆಯಿತು. ಹೊರದೇಶದಿಂದ ತರಿಸುವಾಗ ಕಸ್ಟಮ್ಸ್ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿಕೊಳ್ಳಿ. ಒಬ್ಬ ಅಂಗಡಿಯವರು ನನಗೆ 348ರ ಬದಲು 282ರ ತಿರುವು ಕಳಿಸಿ, ಬದಲಾಯಿಸಲು ಒಂದು ತಿಂಗಳು ಅಲೆಸಿದರು. ಡಬ್ಬಿ ಮೇಲಿನ ನಂಬರ್ ನೋಡಿಯೇ ದುಡ್ಡು ಕೊಡಿ. ಹಲಗೆಗೆ ಚಕ್ರ ಹಾಕಿಸಿ. ಗೋಡೆಗೆ ಒತ್ತಿ ನಿಲ್ಲಿಸಿದರೆ ಮೂರಡಿ ಆಚೆಗೆ ಕೈ ಎಟುಕುವುದಿಲ್ಲ.

ಮುಂದಿನದು ಕ್ಯಾಚ್ ಸೈಡಿಂಗ್. ಬ್ರೇಕ್ ತಪ್ಪಿದ ಗಾಡಿಯನ್ನು ಹಿಡಿದು ನಿಲ್ಲಿಸಲು ಘಾಟಿಯ ಇಳಿಜಾರಿನಲ್ಲಿ ಇರುವ ಲೈನ್ ಅದು. ಅದಿಲ್ಲದೆ ಎಡಕುಮೇರಿ ಅಂತ ಬೋರ್ಡ್ ಹಾಕಬೇಡ ಅಂದಿದ್ದಾರೆ ಅಪ್ಪ. ಇನ್ನೊಂದು 6ನೇ ನಂಬರ್ ಪಾಯಿಂಟಿಗೆ ಆರ್ಡರ್ ಕೊಟ್ಟಿದ್ದೇನೆ.