ವಿಜ್ಞಾನ ಮೇಳಕ್ಕೆ ಯಾವುದು: ಪ್ರಿಸಂ ಕನ್ನಡಕವೋ, ಬಿಲ್ಲೆಗಳೋ?

ಕಣ್ಣು ಹೇಳಿದ ಕಡೆಗೆ ಕೈ ಹೊರಡುತ್ತದೆ, ಅಲ್ವಾ? ಅದನ್ನು ತೋರಿಸಲು ನನ್ನ ಆಯ್ಕೆ ಪ್ರಿಸಂ ಕನ್ನಡಕ. ಅದು ನೋಟವನ್ನೇ ಪಕ್ಕಕ್ಕೆ ಸರಿಸುತ್ತದೆ. ಅದನ್ನು ಹಾಕಿಕೊಂಡವರಿಗೆ ಮೇಜಿನ ಮೇಲಿನ ಲೋಟವನ್ನು ಥಟ್ಟನೆ ಮುಟ್ಟಲು ಹೇಳಿ; ನಿಧಾನ ಮಾಡಿದರೆ ನಡುವೆಯೇ ತಿದ್ದಿಕೊಳ್ಳುತ್ತಾರೆ. ಬೆರಳು ಪಕ್ಕಕ್ಕೆ ಹೋಗುತ್ತದೆ. ಹತ್ತಿಪ್ಪತ್ತು ಸಲ ಮಾಡಿದರೆ ಗುರಿ ಸರಿಹೋಗುತ್ತದೆ. ಮಜಾ ಇರುವುದು ಆಮೇಲೆ. ಕನ್ನಡಕ ತೆಗೆದ ಕೂಡಲೇ ಕೈ ಎದುರು ದಿಕ್ಕಿಗೆ ತಪ್ಪುತ್ತದೆ! ಮಿದುಳು ಲೆಕ್ಕವನ್ನೇ ಬದಲಿಸಿಕೊಂಡಿರುತ್ತದೆ.

ಇನ್ನೊಂದು ಆಯ್ಕೆ ಎಬ್ಬಿಂಗ್‌ಹಾಸ್ ಬಿಲ್ಲೆಗಳು, ಅಂದರೆ ಗಾತ್ರದ ವಿಷಯದಲ್ಲಿ ಕಣ್ಣಿಗೆ ಮೋಸ ಮಾಡುವ ದುಂಡು ಬಿಲ್ಲೆಗಳು. ಇವು ಅಗ್ಗ. ರಟ್ಟು, ಕತ್ತರಿ ಸಾಕು. ದೊಡ್ಡ ಬಿಲ್ಲೆಗಳ ನಡುವಿನದು ಚಿಕ್ಕದಾಗಿ ಕಾಣುತ್ತದೆ. ಆದರೆ ಎತ್ತಲು ಹೋದ ಬೆರಳು ಅಷ್ಟಾಗಿ ಮೋಸ ಹೋಗುವುದಿಲ್ಲ ಎಂದು 1995ರಲ್ಲಿ ಸಂಶೋಧಕ ಗುಡೇಲ್ ಅವರ ತಂಡ ಹೇಳಿತು. 2000ದಲ್ಲಿ ಇನ್ನೊಬ್ಬ ಸಂಶೋಧಕ ಫ್ರಾಂಟ್ಸ್ ಅವರ ತಂಡ ಇದನ್ನು ಒಪ್ಪಲಿಲ್ಲ. ಬೆರಳು ಮೋಸ ಹೋಯಿತೇ ಎಂದು ತಿಳಿಯಲು ಬೆರಳುಗಳ ನಡುವಿನ ಅಂತರ ಅಳೆಯಬೇಕು; ಅದಕ್ಕೆ ಕ್ಯಾಮೆರಾ ಬೇರೆ ಬೇಕು. ಮೇಳದ ಗದ್ದಲದಲ್ಲಿ ಯಾರು ಅಳೀತಾರೆ?